ಇನೋಡ್: ಡಿಸ್ಕ್ ಖಾಲಿ ಇದ್ದರೂ ಸರ್ವರ್ ಯಾಕೆ ಬೀಳುತ್ತದೆ?

ದಾವಣಗೆರೆಯ ಒಂದು ಮಂಡಿಯ ಬಿಲ್ಲಿಂಗ್ ಸರ್ವರ್ ನಾನು ನೋಡಿಕೊಳ್ಳುತ್ತೇನೆ. ಮೆಕ್ಕೆಜೋಳದ ಸೀಸನ್, ಹೊರಗೆ ಟ್ರ್ಯಾಕ್ಟರ್‌ಗಳ ಸಾಲು. ಅವತ್ತೇ ಸರ್ವರ್ ಕೈಕೊಟ್ಟಿತು. ಬಿಲ್ ಸೇವ್ ಆಗುತ್ತಿಲ್ಲ. ಡೇಟಾಬೇಸ್ ಎದ್ದ ಹಾಗೆ ಮಾಡಿ ಮತ್ತೆ ಬೀಳುತ್ತದೆ. ಸ್ಕ್ರೀನ್ ಮೇಲೆ ಒಂದೇ ಸಾಲು: ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’. ‘ಡಿಎಫ್’ ಕಮಾಂಡ್ ಕೊಟ್ಟು ನೋಡಿದರೆ 100 ಜಿಬಿ ಡಿಸ್ಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಇದೆ!

ಡಿಸ್ಕೇ ಹೋಗಿದೆ, ಹೊಸದು ತರೋಣ ಅಂದರು ಮಾಲೀಕರು. ಸ್ವಲ್ಪ ತಡೀರಿ ಅಂತ, ಜಾಗದ ಬದಲು ಇನೋಡ್ ಎಷ್ಟು ಬಳಕೆಯಾಗಿದೆ ಅಂತ ತೋರಿಸುವ ‘ಡಿಎಫ್ -ಐ’ ಕೊಟ್ಟೆ. 100% ಅಂತ ತೋರಿಸಿತು. ಮುಗಿದಿದ್ದು ಇನೋಡ್.

ಗೋದಾಮಿನ ದಾಸ್ತಾನು ಪುಸ್ತಕ ನೋಡಿದ್ದೀರಲ್ವಾ? ಒಂದೊಂದು ಲಾಟಿಗೆ ಒಂದೊಂದು ಹಾಳೆ. ಮಾಲು ಯಾರದ್ದು, ಎಷ್ಟಿದೆ, ಯಾವತ್ತು ಬಂತು, ಎಲ್ಲಿ ಒಟ್ಟಿದ್ದಾರೆ, ಎಲ್ಲ ಅದರಲ್ಲಿ. ನಮ್ಮ ಸರ್ವರ್ ನಡೆಸುವ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್‌ನಲ್ಲಿ ಪ್ರತಿ ಫೈಲಿಗೂ ಇರುವ ಅಂಥ ಹಾಳೆಯೇ ಇನೋಡ್. ಫೈಲಿನ ಹೆಸರು ಮಾತ್ರ ಅದರಲ್ಲಿ ಇರುವುದಿಲ್ಲ. ಹೆಸರು ಫೋಲ್ಡರಿನಲ್ಲಿ, ಅದರ ಪಕ್ಕ ಇನೋಡ್ ನಂಬರ್. ಇನೋಡ್‌ನ ಐ ಅಂದರೆ ‘ಇಂಡೆಕ್ಸ್’ ಇರಬೇಕು ಅಂತ, ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಡೆನ್ನಿಸ್ ರಿಚಿಯವರೇ ಊಹೆ ಮಾಡಿ ಹೇಳಿದ್ದರು.

ಸಾವಿರ ಚೀಲದ ಲಾಟಿಗೂ ಒಂದೇ ಹಾಳೆ, ಒಂದು ಚೀಲಕ್ಕೂ ಒಂದು ಹಾಳೆ. ಹಾಳೆ ಮುಗಿದರೆ ಗೋದಾಮು ಖಾಲಿ ಇದ್ದರೂ ಹೊಸ ಮಾಲು ಇಳಿಸುವಂತಿಲ್ಲ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಗೆ ಫೈಲ್ ಸಿಸ್ಟಮ್ ಅನ್ನುತ್ತಾರೆ. ಎಕ್ಸ್ಟ್4 ಎಂಬ ಫೈಲ್ ಸಿಸ್ಟಮ್‌ನಲ್ಲಿ ಈ ಹಾಳೆಗಳ ಲೆಕ್ಕ ಫಾರ್ಮ್ಯಾಟ್ ಮಾಡುವಾಗಲೇ ನಿಗದಿ ಆಗುತ್ತದೆ. ಸಾಮಾನ್ಯವಾಗಿ 16 ಕೆಬಿಗೆ ಒಂದು, ಅಂದರೆ 100 ಜಿಬಿಗೆ ಸುಮಾರು 65 ಲಕ್ಷ. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮ್ ಆದರೆ ಬೇಕಾದ ಹಾಗೆ ಹುಟ್ಟಿಸಿಕೊಳ್ಳುತ್ತದೆ.

ನಮ್ಮಲ್ಲಿ ಹಾಳೆ ತಿಂದಿದ್ದು ಪಿಎಚ್‌ಪಿಯ ಸೆಷನ್ ಫೈಲುಗಳು, ಅಂದರೆ ಬಳಕೆದಾರರ ಲಾಗಿನ್ ನೆನಪಿಡಲು ವೆಬ್ ಪ್ರೋಗ್ರಾಂ ಬರೆದಿಡುವ ಪುಟ್ಟ ಫೈಲುಗಳು. ಹಳೆಯದನ್ನು ಅಳಿಸುವ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ) ಯಾವಾಗಲೋ ನಿಂತಿತ್ತು. ಯಾರೂ ಗಮನಿಸಿರಲಿಲ್ಲ, ನಾನೂ ಸೇರಿ. ಯಾವ ಫೋಲ್ಡರಿನಲ್ಲಿ ಎಷ್ಟು ಇನೋಡ್ ಅಂತ ತೋರಿಸುವ ‘ಡಿಯು --ಇನೋಡ್ಸ್’ ಕೊಟ್ಟಾಗ ಆ ಫೋಲ್ಡರ್ ಸಿಕ್ಕಿತು. ಅಲ್ಲಿ ಅಳಿಸುವ ಕಮಾಂಡ್ ‘ಆರ್‌ಎಂ’ಗೆ ‘ಎಲ್ಲ ಫೈಲೂ’ ಎನ್ನುವ ನಕ್ಷತ್ರ (*) ಹಾಕಿ ಅಳಿಸಲು ಹೋದರೆ ‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’ ಎಂದಿತು. ಲಕ್ಷಗಟ್ಟಲೆ ಹೆಸರನ್ನು ಒಂದೇ ಸಲಕ್ಕೆ ಕೊಡಲು ಆಗುವುದಿಲ್ಲ. ಫೈಲು ಹುಡುಕುವ ‘ಫೈಂಡ್’ ಜೊತೆ ‘-ಡಿಲೀಟ್’ ಕೊಟ್ಟೆ. ಅದು ಒಂದೊಂದಾಗಿ ಅಳಿಸುತ್ತಾ ಹೋಯಿತು. ಇನೋಡ್ ಬಳಕೆ 99%ಗೆ ಇಳಿಯುತ್ತಿದ್ದ ಹಾಗೆಯೇ ಡೇಟಾಬೇಸ್ ಎದ್ದು ನಿಂತಿತು. ಅದಕ್ಕೆ ಬೇಕಾಗಿದ್ದು ತಾತ್ಕಾಲಿಕ ಫೈಲುಗಳಿಗೆ ನಾಲ್ಕಾರು ಹಾಳೆ, ಅಷ್ಟೇ.