ಹಂಡೆಗೆ ಕುದಿಬಿಂದುವಿನ ಪಟ್ಟಿ ಗೊತ್ತಿಲ್ಲ

ಹಣ್ಣಿನ ವೈನನ್ನು ಬಟ್ಟಿ ಇಳಿಸುವ ಹವ್ಯಾಸಕ್ಕೆ ಹೊಸದಾಗಿ ಬಿದ್ದವರು ಮೊದಲು ನೆಚ್ಚಿಕೊಳ್ಳುವುದು ಒಂದು ಪಟ್ಟಿಯನ್ನು. ವಿಷವಾದ ಮೆಥನಾಲ್ ಕುದಿಯುವುದು 64.7 ಡಿಗ್ರಿ ಸೆಲ್ಸಿಯಸ್‌ಗೆ, ಕುಡಿಯುವ ಆಲ್ಕೋಹಾಲಾದ ಎಥನಾಲ್ 78.4ಕ್ಕೆ, ನೀರು 100ಕ್ಕೆ. ಪಟ್ಟಿಯೇನೋ ಸರಿಯಾಗೇ ಇದೆ. ಆದರೆ ಅದನ್ನು ನೋಡಿದ ಕೂಡಲೇ ತಲೆಯಲ್ಲಿ ಒಂದು ಚಿತ್ರ ಕೂತುಬಿಡುತ್ತದೆ: ಹಂಡೆ ಬಿಸಿಯಾದ ಹಾಗೆಲ್ಲ ಒಬ್ಬೊಬ್ಬರೇ ತಂತಮ್ಮ ಸ್ಟಾಪ್ ಬಂದಾಗ ಬಸ್ಸಿನಿಂದ ಇಳಿದು ಹೋಗುತ್ತಾರೆ. ಮೊದಲು ವಿಷ ಇಳಿಯಿತು, ಚೆಲ್ಲಿದೆವು. ಆಮೇಲೆ ಒಳ್ಳೆಯದು ಇಳಿಯಿತು, ಹಿಡಿದೆವು. ನೀರು ಒಳಗೇ ಉಳಿಯಿತು. ಎಷ್ಟು ಸಲೀಸು, ಅಲ್ವಾ? ಹಂಡೆಯೊಳಗೆ ಹಾಗೆ ನಡೆಯುವುದೇ ಇಲ್ಲ.

ಥರ್ಮಾಮೀಟರ್ ಇಟ್ಟು ನೋಡಿದರೆ ಸಾಕು. ನೂರಕ್ಕೆ 12 ಪಾಲು ಆಲ್ಕೋಹಾಲ್ ಇರುವ ವೈನ್ 78ಕ್ಕೆ ಕುದಿಯುವುದಿಲ್ಲ, ಹೆಚ್ಚುಕಡಿಮೆ 92 ಡಿಗ್ರಿ ಆಗುವ ತನಕ ಸುಮ್ನೆ ಕೂತಿರುತ್ತದೆ. ಯಾಕೆಂದರೆ ಅಲ್ಲಿ ಕುದಿಯುತ್ತಿರುವುದು ಬರೀ ಎಥನಾಲೂ ಅಲ್ಲ, ಬರೀ ನೀರೂ ಅಲ್ಲ, ಎರಡರ ಮಿಶ್ರಣ. ಆವಿಯಲ್ಲೂ ಎರಡೂ ಇರುತ್ತವೆ, ಎಥನಾಲಿನ ಪಾಲು ಜಾಸ್ತಿ ಅಷ್ಟೇ. ಮೊದಲ ಹನಿಗಳಲ್ಲಿ ಆಲ್ಕೋಹಾಲ್ ನೂರಕ್ಕೆ 55ರಿಂದ 60 ಇರಬಹುದು. ಬರಬರುತ್ತಾ ಹಂಡೆಯಲ್ಲಿ ಎಥನಾಲ್ ಕಡಿಮೆಯಾಗುತ್ತದೆ, ಕುದಿಯುವ ಬಿಸಿ ಏರುತ್ತದೆ, ಹನಿ ಸಪ್ಪೆಯಾಗುತ್ತದೆ, ಕೊನೆಗೆ ಎಲ್ಲ ಕೂಡಿಸಿ ಅಳೆದರೆ 30ರ ಆಸುಪಾಸು. ಸಾದಾ ಹಂಡೆಯಲ್ಲಿ ಎರಡು ಸಲ ಇಳಿಸುವುದು ಅದಕ್ಕೇ. ಎಷ್ಟೇ ಸಲ ಇಳಿಸಿದರೂ 97ರ ಹತ್ತಿರ ಬಂದು ನಿಂತುಹೋಗುತ್ತದೆ, ಅಲ್ಲಿ ಆವಿಯೂ ದ್ರವವೂ ಒಂದೇ ಹದದಲ್ಲಿರುತ್ತವೆ.

ನೀರಿಗೂ ಎಥನಾಲಿಗೂ ಅಷ್ಟು ನಂಟು. 50 ಮಿಲಿಲೀಟರ್ ನೀರಿಗೆ 50 ಮಿಲಿಲೀಟರ್ ಎಥನಾಲ್ ಹಾಕಿ, 100 ಆಗುವುದಿಲ್ಲ, 96–97ರಷ್ಟಾಗುತ್ತದೆ. ಎರಡರ ಅಣುಗಳೂ ಒತ್ತಿಕೊಂಡು ಕೂರುತ್ತವೆ. ಆವರ್ತಕ ಕೋಷ್ಟಕದ ಮೆಂಡಲೀವ್ 1865ರಲ್ಲಿ ಡಾಕ್ಟರೇಟಿಗೆ ಬರೆದ ಪ್ರಬಂಧ ಈ ನೀರು-ಆಲ್ಕೋಹಾಲ್ ಕೂಟದ ಬಗ್ಗೆಯೇ.

ಈಗ ಮೆಥನಾಲಿಗೆ ಬರೋಣ. 64.7 ಅಂದಮೇಲೆ ಮೊದಲ ಲೋಟದಲ್ಲೇ ಬಂದುಬಿಡಬೇಕು ಅಂತ ಎಲ್ಲರೂ ನಂಬುತ್ತಾರೆ. ಆದರೆ ಮೆಥನಾಲಿಗೆ ನೀರೆಂದರೆ ಎಥನಾಲಿಗಿಂತಲೂ ಹೆಚ್ಚು ಒಲವು. ನೀರು ತುಂಬಿದ ಹಂಡೆಯಲ್ಲಿ ಅದು ಸುಲಭಕ್ಕೆ ಹೊರಡುವುದಿಲ್ಲ, ಮೊದಲಿನಿಂದ ಕೊನೆಯವರೆಗೆ ಹಂಚಿಕೊಂಡು ಬರುತ್ತದೆ. ಅಂದರೆ ಮೊದಲ ಭಾಗ ಚೆಲ್ಲಿದರೆ ಮೆಥನಾಲ್ ಹೋಯಿತು ಅನ್ನುವುದು ಸುಳ್ಳು ಸಮಾಧಾನ. ಅದು ಹುಟ್ಟುವುದೇ ಬೇರೆ ಕಡೆ: ಹಣ್ಣಿನ ಪೆಕ್ಟಿನ್‌ನಲ್ಲಿ, ಜಾಮ್ ಗಟ್ಟಿಯಾಗುವುದು ಯಾವುದರಿಂದಲೋ ಅದೇ ಪೆಕ್ಟಿನ್‌ನಲ್ಲಿ. ಕಿಣ್ವಗಳು ಪೆಕ್ಟಿನ್ ಒಡೆಯುವಾಗ ಮೆಥನಾಲ್ ಬಿಡುಗಡೆಯಾಗುತ್ತದೆ. ರಸ ಜಾಸ್ತಿ ಬರಲಿ, ವೈನ್ ತಿಳಿಯಾಗಲಿ ಅಂತ ಪೆಕ್ಟಿನೇಸ್ ಅನ್ನುವ ಅಂಥದೇ ಕಿಣ್ವದ ಪುಡಿ ಸುರಿಯುವವರು ಮೆಥನಾಲನ್ನೂ ಹೆಚ್ಚಿಸಿಕೊಳ್ಳುತ್ತಾರೆ. ಹಣ್ಣಿನ ಸ್ಪಿರಿಟ್‌ನಲ್ಲಿ ಅದು ಇದ್ದೇ ಇರುತ್ತದೆ ಅಂತ ಒಪ್ಪಿಕೊಂಡೇ ಯುರೋಪಿಯನ್ ಒಕ್ಕೂಟ ಮಿತಿ ಹಾಕಿದೆ: 1 ಲೀಟರ್ ಶುದ್ಧ ಆಲ್ಕೋಹಾಲಿಗೆ 10 ಗ್ರಾಂ, ಕೆಲವು ಹಣ್ಣುಗಳಿಗೆ ಇನ್ನೂ ಸ್ವಲ್ಪ ಜಾಸ್ತಿ. ಊರಿಗೆ ಊರೇ ಕಣ್ಣು ಕಳೆದುಕೊಂಡ ಸುದ್ದಿಗಳ ಹಿಂದೆ ಸಾಮಾನ್ಯವಾಗಿ ಇರುವುದು ಕಾರ್ಖಾನೆಯ ಮೆಥನಾಲನ್ನು ಯಾರೋ ಬೇಕಂತಲೇ ಬೆರೆಸಿದ್ದು, ಹಣ್ಣಲ್ಲ.

ಹಾಗಾದರೆ ಮೊದಲ ಭಾಗ ಯಾಕೆ ಬೇಡ? ಅದರ ನಾತಕ್ಕೆ. ಅಸಿಟಾಲ್ಡಿಹೈಡ್, ಈಥೈಲ್ ಅಸಿಟೇಟ್ ಎಲ್ಲ ಅಲ್ಲೇ ಸೇರಿಕೊಂಡಿರುತ್ತವೆ, ನೇಲ್ ಪಾಲಿಶ್ ತೆಗೆಯುವ ದ್ರಾವಣದ ವಾಸನೆ ಹೊಡೆಯುತ್ತದೆ. ಇನ್ನೊಂದು ತಮಾಷೆ ನೋಡಿ. ವೈನಿನಲ್ಲಿ ತುಸುವೇ ಇರುವ ಐಸೋಅಮೈಲ್ ಆಲ್ಕೋಹಾಲ್ ಅನ್ನುವ ಇನ್ನೊಂದು ಆಲ್ಕೋಹಾಲ್ ಕುದಿಯುವುದು 131 ಡಿಗ್ರಿಗೆ. ಪಟ್ಟಿಯ ಪ್ರಕಾರ ಅದು ಬರಲೇಬಾರದು. ಆದರೆ ಅದಕ್ಕೆ ನೀರು ಕಂಡರಾಗದು. ನೀರೇ ಹೆಚ್ಚಿರುವ ಹಂಡೆಯಿಂದ ಅದು ಎಥನಾಲಿಗಿಂತಲೂ ಆತುರದಿಂದ ಹೊರಬೀಳುತ್ತದೆ. ಅದೇ ಎರಡನೇ ಸಲ, ಹಂಡೆಯಲ್ಲಿ ಆಲ್ಕೋಹಾಲ್ ಜಾಸ್ತಿ ಇದ್ದರೆ, ಹಿಂದೆ ಉಳಿದುಕೊಳ್ಳುತ್ತದೆ. ಒಂದೇ ಅಣು, ಸಹವಾಸ ಬದಲಾದರೆ ನಡತೆಯೂ ಬೇರೆ.

ಹೀಗಾಗಿ ಪಳಗಿದವರು ಡಿಗ್ರಿಗಿಂತ ಮೂಗನ್ನು ಜಾಸ್ತಿ ನಂಬುತ್ತಾರೆ. ಇಳಿದದ್ದನ್ನು ಒಂದೇ ಪಾತ್ರೆಗೆ ಹಿಡಿಯುವುದಿಲ್ಲ, ಪುಟ್ಟ ಗಾಜಿನ ಜಾಡಿಗಳಿಗೆ ಸಾಲಾಗಿ ಹಿಡಿದು ನಂಬರ್ ಅಂಟಿಸಿ, ಬಾಯಿಗೆ ಬಟ್ಟೆ ಹೊದಿಸಿ ರಾತ್ರಿ ಬಿಡುತ್ತಾರೆ. ಬೆಳಗ್ಗೆ ಒಂದೊಂದರಿಂದ ಒಂದು ಚಮಚ ತೆಗೆದು ಅಷ್ಟೇ ನೀರು ಬೆರೆಸಿ ಮೂಸುವುದು. ಮೊದಲ ಒಂದೆರಡು ಜಾಡಿಗಳಲ್ಲಿ ಅದೇ ನೇಲ್ ಪಾಲಿಶ್. ಆಮೇಲೆ ಎಲ್ಲೋ ಒಂದು ಜಾಡಿಯಲ್ಲಿ ಇದ್ದಕ್ಕಿದ್ದ ಹಾಗೆ ಹಣ್ಣು ತೆರೆದುಕೊಳ್ಳುತ್ತದೆ. ಅಲ್ಲಿಂದ ಕೆಲವು ಜಾಡಿ ಸೊಗಸು. ಕೊನೆಕೊನೆಗೆ ನೆನೆದ ರಟ್ಟು, ಮಳೆಯಲ್ಲಿ ತೊಯ್ದ ನಾಯಿ. ನಡುವಿನದ್ದಷ್ಟೇ ಒಟ್ಟಿಗೆ ಸುರಿಯುತ್ತಾರೆ, ಅಂಚಿನ ಜಾಡಿಗಳ ಬಗ್ಗೆ ಮಾತ್ರ ಇಬ್ಬರು ಕೂತರೆ ಮೂರು ಅಭಿಪ್ರಾಯ.

ಆ ಹಣ್ಣಿನ ಪರಿಮಳವೂ ಪೂರ್ತಿ ಹಣ್ಣಿನದ್ದಲ್ಲ. ಸಿಹಿ, ಹುಳಿ, ಬಣ್ಣ ಎಲ್ಲ ಹಂಡೆಯಲ್ಲೇ ಉಳಿಯುತ್ತವೆ, ಆವಿಯಾಗುವುದಷ್ಟೇ ಹಾದುಬರುತ್ತದೆ. ಬಾಳೆಹಣ್ಣಿನ ವಾಸನೆ ಕೊಡುವ ಐಸೋಅಮೈಲ್ ಅಸಿಟೇಟನ್ನು ಬಾಳೆಹಣ್ಣೇ ಇಲ್ಲದಿದ್ದರೂ ಯೀಸ್ಟ್ ತಯಾರಿಸಿಬಿಡುತ್ತದೆ. ಚೆರ್‍ರಿ ಸ್ಪಿರಿಟ್‌ನ ಬಾದಾಮಿ ಘಮ ಬೆಂಜಾಲ್ಡಿಹೈಡಿನದು, ಅದು ಬೀಜದೊಳಗಿನ ಅಮಿಗ್ಡಲಿನ್ ಒಡೆದಾಗ ಹುಟ್ಟುತ್ತದೆ. ಅದರ ಜೊತೆಗೇ ಸೈನೈಡ್ ಕೂಡ ಹೊರಬರುತ್ತದೆ, ಆದ್ದರಿಂದ ಬೀಜ ಜಜ್ಜುವುದು ಬೇಡ. ರಾಸ್ಪ್‌ಬೆರಿಯ ಕಥೆ ಬೇರೆ. ಪರಿಮಳ ಬೇಕಾದಷ್ಟಿದೆ, ಸಕ್ಕರೆ ಸಾಲದು, ವೈನ್ ಮಾಡಿದರೂ ಆಲ್ಕೋಹಾಲ್ ಹುಟ್ಟುವುದು ಅಷ್ಟಕ್ಕಷ್ಟೇ. ಅದಕ್ಕೆ ಜರ್ಮನ್ನರು ಹಣ್ಣನ್ನು ಮೊದಲೇ ತಯಾರಿದ್ದ ಸ್ಪಿರಿಟ್‌ನಲ್ಲಿ ನೆನೆಹಾಕಿ ಮತ್ತೆ ಇಳಿಸುತ್ತಾರೆ. ಅದರ ಹೆಸರು ಗೈಸ್ಟ್. ಆ ಮಾತಿಗೆ ಆತ್ಮ ಅಂತಲೂ ಅರ್ಥ, ದೆವ್ವ ಅಂತಲೂ ಅರ್ಥ.

ಹಂಡೆ ತಾಮ್ರದ್ದೇ ಆಗಿರಲಿ ಅನ್ನುವುದೂ ಬರೀ ಚೆಂದಕ್ಕಲ್ಲ. ಯೀಸ್ಟ್ ಬಿಟ್ಟ ಗಂಧಕದ ನಾತವನ್ನು, ಅದೇ ಕೊಳೆತ ಮೊಟ್ಟೆಯ ವಾಸನೆಯನ್ನು, ತಾಮ್ರ ಹಿಡಿದಿಟ್ಟುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಮುಚ್ಚಳದ ಒಳಗೆ ಬಿಳಿ ಬಟ್ಟೆ ಆಡಿಸಿದರೆ ಕಪ್ಪು ಮಸಿ ಬರುತ್ತದಲ್ಲ, ಅದರಲ್ಲಿ ತಾಮ್ರದ ಸಲ್ಫೈಡೂ ಇರುತ್ತದೆ.

ಅಪಾಯದ ಮಾತನ್ನೂ ಹೇಳಿಬಿಡುತ್ತೇನೆ. ನನ್ನ ಲೆಕ್ಕದಲ್ಲಿ ಮೆಥನಾಲಿಗಿಂತ ಹೆಚ್ಚು ಹೆದರಬೇಕಾದದ್ದು ಬೆಂಕಿಗೆ. ಎಥನಾಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದುಹೋಗುತ್ತದೆ, ಗಾಳಿಯಲ್ಲಿ ನೂರಕ್ಕೆ 3.3 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಅದರ ಉರಿ ಹಗಲಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಆವಿ ಹೋಗುವ ಕೊಳವೆ ಕಟ್ಟಿಕೊಂಡರಂತೂ ಹಂಡೆ ಬಾಂಬೇ ಸರಿ. ಆವಿ ತಣಿಸಲು ವಾಹನದ ಹಳೆ ರೇಡಿಯೇಟರ್, ಸೀಸದ ಬೆಸುಗೆ ಹಾಕಿದ ಕೊಳವೆ ಬಳಸಿದರೆ ಸೀಸವೂ ಹನಿಯೊಂದಿಗೆ ಇಳಿದು ಬರುತ್ತದೆ. ಕಾನೂನಿನ ವಿಷಯವೂ ಇದೆ: ನ್ಯೂಜಿಲೆಂಡ್ 1996ರಲ್ಲಿ ಸ್ವಂತ ಬಳಕೆಗೆ ಮನೆಯಲ್ಲಿ ಬಟ್ಟಿ ಇಳಿಸಲು ಬಿಟ್ಟಿತು, ಆದರೆ ಮನೆಯಲ್ಲಿ ವೈನ್ ಮಾಡಲು ಬಿಡುವ ಎಷ್ಟೋ ದೇಶಗಳಲ್ಲೂ ಪರವಾನಗಿ ಇಲ್ಲದೆ ಇದನ್ನು ಮಾಡಿದರೆ ಅಪರಾಧ.

ಜಾಡಿ ಆರಿಸಿ ಸುರಿದಾದ ಮೇಲೆ ಕೈಯಲ್ಲಿರುವುದು ನೂರಕ್ಕೆ ಸುಮಾರು 65 ಪಾಲು ಆಲ್ಕೋಹಾಲ್ ಇರುವ ಖಾರವಾದ ದ್ರವ. ಕುಡಿಯುವ ಹದಕ್ಕೆ, ಅಂದರೆ 40ಕ್ಕೆ, ನೀರು ಬೆರೆಸಿ ತರಬೇಕು. ಸುರಿದ ತಕ್ಷಣ ಬಾಟಲಿ ಬೆಚ್ಚಗಾಗುತ್ತದೆ, ನೀರು-ಎಥನಾಲಿನ ನಂಟಿನ ಬಿಸಿ ಅದು. ಕೆಲವು ಸಲ ತಿಳಿಯಾಗಿದ್ದದ್ದು ನೋಡನೋಡುತ್ತಲೇ ಹಾಲಿನ ಹಾಗೆ ಮಸುಕಾಗುತ್ತದೆ, ಕಿತ್ತಳೆ ಸಿಪ್ಪೆ ನೆನೆಹಾಕಿ ಇಳಿಸಿದ್ದರಂತೂ ಇನ್ನೂ ಬೇಗ. ಕೆಟ್ಟಿತು ಅಂತ ಗಾಬರಿಯಾಗಬೇಡಿ. ಆಲ್ಕೋಹಾಲ್ ಜಾಸ್ತಿ ಇದ್ದಾಗ ಕರಗಿಕೊಂಡಿದ್ದ ಪರಿಮಳದ ಎಣ್ಣೆಗಳು ನೀರು ಬಂದೊಡನೆ ಸಣ್ಣ ಸಣ್ಣ ಹನಿಗಳಾಗಿ ಬೇರೆಯಾಗಿವೆ, ಅಷ್ಟೇ. ತಣ್ಣಗೆ ಮಾಡಿ ಸೋಸಿದರೆ ಮತ್ತೆ ಕನ್ನಡಿಯಂತಾಗುತ್ತದೆ, ಆದರೆ ಆ ಎಣ್ಣೆಯ ಜೊತೆ ಘಮವೂ ಸ್ವಲ್ಪ ಸೋಸಿಹೋಗುತ್ತದೆ, ಹಾಗಾಗಿ ನಾನಾದರೆ ಮಸುಕಾಗೇ ಇರಲಿ ಅಂತ ಬಿಡುತ್ತೇನೆ.