ದೇವರು ಸುಮ್ನೆ ಮಾಫ್ ಮಾಡಬಹುದಿತ್ತಲ್ಲ? ಶಿಲುಬೆಯ ಸುತ್ತ ಎರಡು ಸಾವಿರ ವರ್ಷದ ಪ್ರಶ್ನೆ

ಬೀದರಿನಲ್ಲಿ ಶುಭ ಶುಕ್ರವಾರ ಬರುವುದು ಬಿಸಿಲು ಏರುವ ಹೊತ್ತಿಗೇ. ಮಧ್ಯಾಹ್ನ 12ಕ್ಕೆ ಶುರುವಾದ ಆರಾಧನೆ 3 ಗಂಟೆಗೆ ಮುಗಿಯುತ್ತದೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಿಗೆ ಏಳು ಪ್ರಸಂಗ. ಮನೆಗೆ ಬಂದು ಫ್ಯಾನಿನ ಕೆಳಗೆ ಕೂತಾಗ ಯಾರಿಗೂ ಮಾತು ಬೇಡವಾಗಿರುತ್ತದೆ. ಈ ಸಲ ಪಿಯುಸಿ ಓದುವ ಅಣ್ಣನ ಮಗಳು ಬಿಡಲಿಲ್ಲ.

"ಕಾಕಾ, ತಪ್ಪಾಯ್ತು ಅಂದ್ರ ನೀವು ಮಾಫ್ ಮಾಡ್ತೀರಿ. ದೇವರು ಯಾಕ ಸುಮ್ನ ಮಾಫ್ ಮಾಡ್ಲಿಲ್ಲ? ಯಾರರೆ ಸಾಯಲೇಬೇಕಿತ್ತಾ?"

ಒಂದೇ ಮನೆಯಲ್ಲಿ ಮೂರು ಉತ್ತರ ಬಂದವು. ಹುಟ್ಟಾ ಮೆಥಡಿಸ್ಟ್, ಅಂದರೆ ಪ್ರೊಟೆಸ್ಟಂಟರ ಒಂದು ಪಂಗಡದವಳಾದ ಆಯಿ, ನಮ್ಮನ್ನ ಬಿಡಿಸಿಕೊಳ್ಳಲು ಅಂದಳು. ಕಲಬುರಗಿಯಲ್ಲಿ ಬಾಡಿಗೆ ಹಾಲ್‌ನಲ್ಲಿ ನಡೆಯುವ ಹೊಸ ಸಭೆಗೆ ಹೋಗುವ ನಮ್ಮ ಹುಡುಗ, ಪಾಪಕ್ಕೆ ಶಿಕ್ಷೆ ಆಗಲೇಬೇಕು, ನಮ್ಮ ಬದಲಿಗೆ ಆತ ಅನುಭವಿಸಿದ ಅಂದ. ಕಥೋಲಿಕ ಮನೆಯಿಂದ ಬಂದ ಸೊಸೆ, ಆತ ತನ್ನನ್ನೇ ಪ್ರೀತಿಯ ಬಲಿಯಾಗಿ ಕೊಟ್ಟುಕೊಂಡ ಅಂದಳು. ಅವರ ಭಾನುವಾರದ ಆರಾಧನೆಯ ಹೆಸರೇ ಬಲಿಪೂಜೆ ಅಲ್ವಾ. ಮೂವರಿಗೂ ತಮ್ಮದೇ ಬೈಬಲಿನ ಮಾತು ಎಂಬ ನಂಬಿಕೆ. ಮೂವರೂ ತಪ್ಪಲ್ಲ. ಗೊಂದಲ ಇರುವುದೂ ಅಲ್ಲೇ.

ಇದಕ್ಕೆ ಒಂದು ಕಾರಣವಿದೆ. ಯೇಸು ಯಾರು ಎಂಬ ಬಗ್ಗೆ ಹಳೆಯ ಕಾಲದ ಕ್ರೈಸ್ತ ಸಭೆ ದೊಡ್ಡ ಪರಿಷತ್ತುಗಳನ್ನು ಕರೆದು ಜಗಳ ತೀರಿಸಿತು. 325ರಲ್ಲಿ ನೈಸಿಯಾ, 451ರಲ್ಲಿ ಕಾಲ್ಸೆಡಾನ್. ಆದರೆ ಆತನ ಸಾವು ನಮ್ಮನ್ನು ಹೇಗೆ ಉಳಿಸುತ್ತದೆ ಎಂಬುದಕ್ಕೆ ಇಂಥ ಯಾವ ತೀರ್ಪೂ ಬರಲಿಲ್ಲ. ಚರ್ಚಿನಲ್ಲಿ ಎಲ್ಲರೂ ಒಟ್ಟಿಗೆ ಹೇಳುವ ವಿಶ್ವಾಸ ಪ್ರಮಾಣದಲ್ಲಿ 'ನಮಗೋಸ್ಕರ' ಎಂದಿದೆ, ಅಷ್ಟೇ. ಆ ಒಂದು ಪದದೊಳಗೆ ಏನಿದೆ ಎಂದು ಪ್ರತಿ ಕಾಲದವರೂ ತಮಗೆ ಗೊತ್ತಿದ್ದ ಬದುಕಿನಿಂದ ಅರ್ಥ ತುಂಬಿದರು.

ಮೊದಲು, ಯೇಸುವಿನ ಸಾವಿಗೆ ನಮ್ಮವರು ಬಳಸುವ ಪ್ರಾಯಶ್ಚಿತ್ತ ಎಂಬ ಪದದ ವಿಷಯ ನೋಡೋಣ. ಯೆಹೂದ್ಯರಿಗೆ ವರ್ಷಕ್ಕೊಮ್ಮೆ ದೋಷಪರಿಹಾರದ ದಿನ ಇತ್ತು. ಎರಡು ಹೋತಗಳನ್ನು ತರುತ್ತಿದ್ದರು. ಒಂದನ್ನು ಕೊಯ್ದು ಅದರ ರಕ್ತವನ್ನು ಗುಡಿಯ ಒಳಕೋಣೆಯಲ್ಲಿ ಚಿಮುಕಿಸುತ್ತಿದ್ದರು. ಇನ್ನೊಂದರ ತಲೆಯ ಮೇಲೆ ಕೈಯಿಟ್ಟು, ಜನರ ಪಾಪಗಳನ್ನೆಲ್ಲ ಹೇಳಿ, ಅದನ್ನು ಜೀವಂತ ಅಡವಿಗೆ ಅಟ್ಟುತ್ತಿದ್ದರು. ಪಾಪ ಹೊತ್ತ ಹೋತವನ್ನು ಕೊಯ್ಯುತ್ತಿರಲಿಲ್ಲ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಆ ದಿನದ ಹೀಬ್ರೂ ಹೆಸರು ಕಿಪ್ಪುರ್. ಅರಬಿಯ ಕಫ್ಫಾರಾ ಅದೇ ಬೇರಿನ ಪದ. ಬೀದರ್, ಕಲಬುರಗಿಯಲ್ಲಿ ಈ ಪದಕ್ಕೆ ಅರ್ಥ ಹೇಳಬೇಕಿಲ್ಲ. ಬೇಕಂತಲೇ ರೋಜಾ ಮುರಿದವನಿಗೆ ಕಫ್ಫಾರಾ ಇದೆ: ಒಬ್ಬ ಗುಲಾಮನನ್ನು ಬಿಡಿಸಬೇಕು, ಆಗದಿದ್ದರೆ ಎರಡು ತಿಂಗಳು ಬಿಡದೆ ಉಪವಾಸ, ಅದೂ ಆಗದಿದ್ದರೆ 60 ಬಡವರಿಗೆ ಊಟ. ಉರ್ದು ಮಾತಾಡುವ ಕ್ರೈಸ್ತರೂ ಯೇಸುವಿನ ಸಾವಿಗೆ ಇದೇ ಪದ ಬಳಸುತ್ತಾರೆ. ಆದರೆ ಪಕ್ಕದ ಮನೆಯ ಮುಸ್ಲಿಮರು ಅಲ್ಲೇ ತಡೆಯುತ್ತಾರೆ. ಒಬ್ಬನ ಹೊರೆ ಇನ್ನೊಬ್ಬ ಹೊರಲಾಗದು ಎಂಬುದು ಅವರ ನಂಬಿಕೆ.

ಕ್ರಿಸ್ತನ ನಂತರದ ಮೊದಲ ಸಾವಿರ ವರ್ಷ ಜಾಸ್ತಿ ಕೇಳಿಬಂದದ್ದು ಬಿಡುಗಡೆಯ ಮಾತು. ಮನುಷ್ಯ ಸೈತಾನನ ಕೈಯಲ್ಲಿ, ಸಾವಿನ ಕೈಯಲ್ಲಿ ಸೆರೆಯಾಗಿದ್ದ. ಯೇಸು ತನ್ನ ಪ್ರಾಣ ಕೊಟ್ಟು ಬಿಡಿಸಿದ. ಗುಲಾಮರ ಸಂತೆ ದಿನಾ ನಡೆಯುತ್ತಿದ್ದ ರೋಮಿನ ಲೋಕದಲ್ಲಿ ಇದು ಯಾರಿಗೂ ಬಿಡಿಸಿ ಹೇಳಬೇಕಾದ ಮಾತಾಗಿರಲಿಲ್ಲ. 3ನೇ ಶತಮಾನದ ಕ್ರೈಸ್ತ ಪಂಡಿತ ಓರಿಜೆನ್, ಬೆಲೆ ಸಂದದ್ದು ಸೈತಾನನಿಗೇ ಎಂದ. 4ನೇ ಶತಮಾನದಲ್ಲಿ ನಿಸ್ಸಾದ ಬಿಷಪ್ ಗ್ರೆಗರಿ ಇನ್ನೂ ಮುಂದೆ ಹೋದ. ಯೇಸುವಿನ ಮನುಷ್ಯ ದೇಹ ಗಾಳದ ಹುಳು, ಒಳಗಿನ ದೈವತ್ವ ಕೊಕ್ಕೆ, ನುಂಗಲು ಬಂದ ಸೈತಾನ ಸಿಕ್ಕಿಬಿದ್ದ ಎಂದ. ಕೇಳಲು ಮಜವಾಗಿದೆ. ಆದರೆ ದೇವರು ಮೋಸ ಮಾಡಿ ಗೆದ್ದ ಹಾಗಾಯಿತಲ್ಲ! ಆತನ ಗೆಳೆಯ, ನಾಜಿಯಾಂಜಸಿನ ಗ್ರೆಗರಿಗೆ ಈ ಲೆಕ್ಕವೇ ಒಗ್ಗಲಿಲ್ಲ. ಬೆಲೆ ಸಂದದ್ದು ಯಾರಿಗೆ ಎಂದು ಕೇಳಿದ. ಸೈತಾನನಿಗೆ ಅಂದರೆ ನಾಚಿಕೆಗೇಡು, ಕಳ್ಳನಿಗೆ ಕೂಲಿ ಕೊಟ್ಟ ಹಾಗೆ. ತಂದೆಗೆ ಅಂದರೆ, ನಮ್ಮನ್ನು ಹಿಡಿದಿಟ್ಟವನು ತಂದೆ ಅಲ್ಲವಲ್ಲ? ಈ ಪ್ರಶ್ನೆಗೆ ಪೂರಾ ಉತ್ತರ ಇನ್ನೂ ಬಂದಿಲ್ಲ ಎನ್ನುವುದು ನನ್ನ ಅನಿಸಿಕೆ.

11ನೇ ಶತಮಾನದ ಕೊನೆಯಲ್ಲಿ ಲೆಕ್ಕ ತಿರುಗಿತು. ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್, ರಾಜನ ಜತೆ ಮನಸ್ತಾಪವಾಗಿ ದೇಶ ಬಿಟ್ಟಿದ್ದಾಗ, 1098ರಲ್ಲಿ ಒಂದು ಪುಸ್ತಕ ಮುಗಿಸಿದ. ದೇವರು ಯಾಕೆ ಮನುಷ್ಯನಾದ ಎಂಬುದೇ ಅದರ ಹೆಸರು. ಆತ ಸೈತಾನನನ್ನು ಲೆಕ್ಕದಿಂದಲೇ ತೆಗೆದುಹಾಕಿದ. ಪಾಪ ಅಂದರೆ ದೇವರಿಗೆ ಸಲ್ಲಬೇಕಾದ ಮರ್ಯಾದೆಯನ್ನು ಕಸಿದದ್ದು. ಕಸಿದದ್ದನ್ನು ಹಿಂದಿರುಗಿಸಿದರೆ ಸಾಲದು, ಮೇಲೆ ಏನಾದರೂ ಸೇರಿಸಿ ಕೊಡಬೇಕು. ಜಾಗೀರದಾರರ ಕಾಲ ನೋಡಿದ ಊರುಗಳಿಗೆ ಇದು ಚೆನ್ನಾಗಿ ಗೊತ್ತು. ಸರೀಕನಿಗೆ ಬೈದರೆ ಒಂದು ದಂಡ, ಧಣಿಗೆ ಬೈದರೆ ಇನ್ನೊಂದು. ದೇವರಿಗೆ ಆದ ಅವಮಾನಕ್ಕೆ ಮಿತಿಯೇ ಇಲ್ಲ. ತೀರಿಸಬೇಕಾದವನು ಮನುಷ್ಯ, ತೀರಿಸುವ ತಾಕತ್ತು ಇರುವುದು ದೇವರಿಗೆ ಮಾತ್ರ. ಹಾಗಾಗಿ ಎರಡೂ ಆಗಿರುವ ಒಬ್ಬನೇ ಬರಬೇಕಾಯಿತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಆಸ್ಥಾನದ ವಿಜ್ಞಾನೇಶ್ವರ ಮಿತಾಕ್ಷರಾ ಎಂಬ ಧರ್ಮಶಾಸ್ತ್ರ ಗ್ರಂಥ ಬರೆಯುತ್ತಿದ್ದ. ಕಲಬುರಗಿ ಕಡೆಯ ಮರತೂರು ಆತನ ಊರು ಎಂದು ಇಲ್ಲಿನವರು ಹೆಮ್ಮೆಪಡುತ್ತಾರೆ. ವಕೀಲರಿಗೆ ಆ ಗ್ರಂಥ ಆಸ್ತಿ ಪಾಲಿನ ವಿಷಯಕ್ಕೆ ಗೊತ್ತು. ಆದರೆ ಅದರ ಮೂರನೇ ಭಾಗ ಪ್ರಾಯಶ್ಚಿತ್ತದ್ದು: ಯಾವ ತಪ್ಪಿಗೆ ಯಾವ ವ್ರತ, ಎಷ್ಟು ದಿನ ಎಂಬ ಲೆಕ್ಕ. ಅತ್ತ ಒಬ್ಬ, ಮನುಷ್ಯನ ಕೈಯಿಂದ ತೀರಿಸಲು ಆಗುವುದೇ ಇಲ್ಲ ಎಂದು ಬರೆದ. ಇತ್ತ ಇನ್ನೊಬ್ಬ, ಹೀಗೆ ಹೀಗೆ ತೀರಿಸು ಎಂದು ಬರೆದ. ಎಷ್ಟೋ ಶತಮಾನದ ನಂತರ ಕನ್ನಡ ಕ್ರೈಸ್ತರು ಆ ಎರಡನೆಯವನ ಪದವನ್ನು ತಂದು ಮೊದಲನೆಯವನ ಅರ್ಥ ತುಂಬಿದರು. ಹೀಗಾಗಿ ಪ್ರಾಯಶ್ಚಿತ್ತ ಅಂದಾಗ ನಮ್ಮ ಕಿವಿಗೆ 'ತಪ್ಪು ಮಾಡಿದವನೇ ಮಾಡಬೇಕಾದದ್ದು' ಎಂದು ಕೇಳಿಸುತ್ತದೆ, ಪಾಸ್ಟರ್ ಹೇಳುತ್ತಿರುವುದು 'ಇನ್ನೊಬ್ಬ ಮಾಡಿ ಮುಗಿಸಿದ್ದು'. ಅರ್ಧ ಗೊಂದಲ ಈ ಒಂದು ಪದದ್ದೇ.

ಆನ್ಸೆಲ್ಮ್ ತೀರಿಕೊಂಡ ಕೆಲವೇ ದಶಕದಲ್ಲಿ ಪ್ಯಾರಿಸ್ಸಿನ ಪಂಡಿತ ಅಬೆಲಾರ್ಡ್ ಚುಚ್ಚಿ ಕೇಳಿದ. ಆದಾಮನ ತಪ್ಪಿಗೇ ಇಷ್ಟು ದೊಡ್ಡ ಪರಿಹಾರ ಬೇಕಾದರೆ, ದೇವರ ಮಗನನ್ನೇ ಕೊಂದ ತಪ್ಪಿಗೆ ಏನು ಪರಿಹಾರ? ಶಿಲುಬೆ ದೇವರ ಮನಸ್ಸು ಬದಲಿಸಲು ಅಲ್ಲ, ನಮ್ಮ ಮನಸ್ಸು ಬದಲಿಸಲು ಎಂಬುದು ಆತನ ವಾದ. ಅಷ್ಟು ಪ್ರೀತಿ ನೋಡಿದ ಮೇಲೆ ಮನುಷ್ಯ ಕರಗಲೇಬೇಕು. ಯೇಸು ಹೇಳಿದ ತಪ್ಪಿಹೋದ ಮಗನ ಕಥೆಯಲ್ಲಿ ಅಪ್ಪ ದಂಡ ಕೇಳಲಿಲ್ಲ, ಓಡಿಹೋಗಿ ಅಪ್ಪಿಕೊಂಡ ಎಂದು ಈ ಕಡೆಯವರು ಇಂದಿಗೂ ನೆನಪಿಸುತ್ತಾರೆ. 13ನೇ ಶತಮಾನದ ಥಾಮಸ್ ಅಕ್ವಿನಾಸ್ ನಡುದಾರಿ ಹಿಡಿದ. ದೇವರು ಮನಸ್ಸು ಮಾಡಿದ್ದರೆ ಸುಮ್ನೆ ಕ್ಷಮಿಸಬಹುದಿತ್ತು, ಆದರೆ ಈ ದಾರಿ ಹೆಚ್ಚು ಒಪ್ಪುವಂಥದ್ದು ಎಂದ. ನಮ್ಮ ಹುಡುಗಿಯ ಪ್ರಶ್ನೆಗೆ ಹೌದು ಎಂದ ದೊಡ್ಡವರೂ ಇದ್ದಾರೆ ಅಂದಹಾಗಾಯಿತು.

ಕಥೋಲಿಕ ಸಭೆಯಿಂದ ಪ್ರೊಟೆಸ್ಟಂಟರು ಬೇರೆಯಾದ 16ನೇ ಶತಮಾನದ ಸುಧಾರಣೆಯಲ್ಲಿ ಧಣಿಯ ಅಂಗಳದಿಂದ ಮಾತು ಕೋರ್ಟಿಗೆ ಬಂತು. ಆ ಸುಧಾರಕರಲ್ಲಿ ಒಬ್ಬನಾದ ಕ್ಯಾಲ್ವಿನ್ ಕಾನೂನು ಓದಿದವನು. ಪಾಪ ಅಂದರೆ ಅವಮಾನ ಅಲ್ಲ, ಅಪರಾಧ. ಅಪರಾಧಕ್ಕೆ ಶಿಕ್ಷೆ. ಆ ಶಿಕ್ಷೆಯನ್ನು ನಮ್ಮ ಜಾಗದಲ್ಲಿ ನಿಂತು ಯೇಸು ಅನುಭವಿಸಿದ. ಇದಕ್ಕೆ ಇಟಲಿಯ ಸೊಚೀನಿ ಎಂಬಾತ ಹಾಕಿದ ತಕರಾರು ನಮ್ಮ ತೊಗರಿ ರೈತರಿಗೆ ತಟ್ಟನೆ ಅರ್ಥವಾಗುತ್ತದೆ. ಸಾಲ ಮನ್ನಾ ಆಯಿತು ಅಂದರೆ ಯಾರೂ ಕಟ್ಟಬೇಕಿಲ್ಲ. ಯಾರೋ ಕಟ್ಟಿದರು ಅಂದರೆ ಅದು ಮನ್ನಾ ಅಲ್ಲ. ಎರಡೂ ಒಟ್ಟಿಗೆ ಹೇಗೆ? ಉತ್ತರವನ್ನೂ ರೈತರೇ ಕೊಡಬಲ್ಲರು. ಸರ್ಕಾರ ಮನ್ನಾ ಮಾಡಿದರೂ ಬ್ಯಾಂಕಿಗೆ ಯಾರಾದರೂ ದುಡ್ಡು ತುಂಬಲೇಬೇಕು, ಕ್ಷಮೆ ಎಂದೂ ಪುಕ್ಕಟೆ ಅಲ್ಲ. ಡಚ್ ನ್ಯಾಯವಾದಿ ಗ್ರೋಶಿಯಸ್ 1617ರಲ್ಲಿ ಇನ್ನೊಂದು ದಾರಿ ತೆಗೆದ. ದೇವರು ಸಾಲ ಕೊಟ್ಟವನೂ ಅಲ್ಲ, ಅವಮಾನಗೊಂಡವನೂ ಅಲ್ಲ, ಆಳುವವನು. ಕಾನೂನಿಗೆ ಬೆಲೆ ಇದೆ ಎಂದು ತೋರಿಸಿ ಆಮೇಲೆ ಕ್ಷಮಿಸಿದ.

ಇದಾದ ಮೇಲೆ ನೂರಾರು ವರ್ಷ ಜಗಳ ನಡೆದದ್ದು ಯೇಸು ಯಾರಿಗಾಗಿ ಸತ್ತ ಎಂಬುದರ ಮೇಲೆ. ದೇವರು ಮೊದಲೇ ಆರಿಸಿಕೊಂಡವರಿಗೆ ಮಾತ್ರ ಎಂದರು ಕೆಲವರು. 18ನೇ ಶತಮಾನದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ಒಪ್ಪಲಿಲ್ಲ. ಶಿಕ್ಷೆಯ ಮಾತನ್ನು ಆತ ಬಿಡಲಿಲ್ಲ, ಆದರೆ ಆ ಸಾವು ಎಲ್ಲರಿಗಾಗಿ, ಒಬ್ಬರನ್ನೂ ಬಿಡದೆ, ಎಂದು ಬಯಲಿನಲ್ಲಿ ನಿಂತು ಸಾರಿದ. ಆತನ ಹಿಂದೆ ಬಂದ ಮೆಥಡಿಸ್ಟರು ಅಮೆರಿಕ ದಾಟಿ, 19ನೇ ಶತಮಾನದ ಕೊನೆಗೆ ನಿಜಾಮರ ಸೀಮೆಯ ಬೀದರಿಗೆ ಬಂದರು.

ಆ 'ಎಲ್ಲರಿಗಾಗಿ' ಎಂಬ ಮಾತು ಇಲ್ಲಿ ಎಲ್ಲಿಗೆ ಹೋಗಿ ಮುಟ್ಟಿತು ಎಂದು ಯೋಚಿಸಿ. ಬೀದರ್ ಸುತ್ತ ಕ್ರೈಸ್ತರಾದವರಲ್ಲಿ ಹೆಚ್ಚಿನವರು ದಲಿತ ಕೇರಿಯವರು. ಗುಡಿಯ ಒಳಗೆ ಬಿಡದ, ಬಾವಿಯ ನೀರು ಸೇದಲು ಬಿಡದ ಊರುಗಳವು. ಜೀತ ಅಲ್ಲಿ ಕಥೆಯಲ್ಲ. ಮದುವೆಗೋ ಬರಗಾಲಕ್ಕೋ ಸಾಲ ತಂದು, ಅದು ತೀರುವ ತನಕ ಸಾವಕಾರನ ಹೊಲದಲ್ಲಿ ದುಡಿಯಬೇಕು. ಸಾಲ ತೀರುತ್ತಲೇ ಇರಲಿಲ್ಲ, ಅಪ್ಪನ ನಂತರ ಮಗ. ಜೀತ ತೊಲಗಿಸುವ ಕಾನೂನು ಪೂರಾ ಬಂದದ್ದು 1976ರಲ್ಲಿ.

ಅಂಥವರ ಕೈಗೆ ಕನ್ನಡ ಬೈಬಲ್ ಬಂತು. ಬಳ್ಳಾರಿಯಲ್ಲಿ 1831ರ ಹೊತ್ತಿಗೇ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಆಮೇಲೆ ತಿದ್ದಿ ತಿದ್ದಿ ಈಗ ನಾವು ಓದುವ ರೂಪಕ್ಕೆ ಬಂದಿದೆ. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ತಾನು ಬಂದದ್ದು ಯಾಕೆ ಎಂದು ಹೇಳುವ ಮಾತಿದೆ: ಅನೇಕರನ್ನು ಬಿಡಿಸಿಕೊಳ್ಳುವುದಕ್ಕಾಗಿ ತನ್ನ ಪ್ರಾಣವನ್ನು ಈಡು ಕೊಡುವುದಕ್ಕೆ. ಈಡು! ಹೊಲ ಈಡಿಟ್ಟವರಿಗೆ, ಮೈಯನ್ನೇ ಈಡಿಟ್ಟವರಿಗೆ ಈ ಪದಕ್ಕೆ ಟಿಪ್ಪಣಿ ಬೇಕೇ? ಓರಿಜೆನ್ ಯಾರು ಎಂದು ಗೊತ್ತಿಲ್ಲದ ಕೇರಿಯಲ್ಲಿ ಓರಿಜೆನನ ಕಾಲದ ಅರ್ಥ ಹೀಗೆ ತಾನಾಗಿ ಎದ್ದು ಕೂತಿತು. ಊರ ದೇವಿಯ ಹರಕೆಗೆ ಕುರಿ ಕೊಟ್ಟು ಗೊತ್ತಿದ್ದವರಿಗೆ, ಇನ್ನು ಕುರಿ ಬೇಡ, ಕೊಡಬೇಕಾದ್ದು ಕೊಟ್ಟಾಗಿದೆ ಎಂಬ ಮಾತೂ ಹಾಗೆಯೇ ಇಳಿದಿರಬೇಕು.

1930ರಲ್ಲಿ ಸ್ವೀಡನ್ನಿನ ಔಲೆನ್ ಎಂಬ ಪಂಡಿತ, ಬಿಡುಗಡೆ ಮತ್ತು ಗೆಲುವಿನ ಮಾತೇ ಸಭೆಯ ಹಳೆಯ ಮಾತು, ಮಿಕ್ಕಿದ್ದು ಆಮೇಲಿನದು ಎಂದು ವಾದಿಸಿದ. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಅರವಿಂದ ನಿರ್ಮಲ್ ಮತ್ತಿತರರು ದಲಿತ ದೇವಶಾಸ್ತ್ರ ಕಟ್ಟಿದರು. ಬೈಬಲಿನ ಯೆಶಾಯನ ಪುಸ್ತಕದಲ್ಲಿ ಬರುವ, ಜನ ಮುಖ ತಿರುಗಿಸಿಕೊಂಡ ಸೇವಕನಲ್ಲಿ ಅವರು ದಲಿತನನ್ನು ಕಂಡರು. ಶಿಲುಬೆಯ ಮೇಲೆ ದೇವರು ನಮ್ಮ ಬದಲಿಗೆ ನಿಂತ ಎನ್ನುವುದಕ್ಕಿಂತ ನಮ್ಮ ಜತೆಗೆ ನಿಂತ ಎಂಬುದು ಅವರ ಒತ್ತು.

ಈಗ ಉಜ್ಜೀವನ ಕೂಟಗಳಲ್ಲಿ, ಯೂಟ್ಯೂಬಿನಲ್ಲಿ ಜಾಸ್ತಿ ಓಡುತ್ತಿರುವುದು ಕೋರ್ಟಿನ ಕಥೆ. ಜಡ್ಜ್ ತೀರ್ಪು ಕೊಟ್ಟು, ತಾನೇ ಕೆಳಗಿಳಿದು ಬಂದು ಅಪರಾಧಿಯ ದಂಡ ಕಟ್ಟುತ್ತಾನೆ. ಎರಡು ನಿಮಿಷದಲ್ಲಿ ಹೇಳಬಹುದು, ಎಲ್ಲರಿಗೂ ತಲುಪುತ್ತದೆ. ಅದು ಒಂದೇ ಬೈಬಲ್ ಮಾತು ಎಂದಾಗ ಮಾತ್ರ ಹಳಬರಿಗೆ ಇರುಸುಮುರುಸು. ಸಿಟ್ಟಿನ ಅಪ್ಪ ಮಗನನ್ನು ಹೊಡೆದು ಸಮಾಧಾನವಾದ ಹಾಗಾಯಿತಲ್ಲ ಎಂಬ ಟೀಕೆ ಬಹಳ ಕಡೆ ಇದೆ. ಕೋರ್ಟಿನ ಪರದವರು, ಮಗ ಹೊರಗಿನವನಲ್ಲ, ದೇವರೇ ತನ್ನ ಮೇಲೆ ಎಳೆದುಕೊಂಡದ್ದು ಎನ್ನುತ್ತಾರೆ. ಅವರ ಇನ್ನೊಂದು ಮಾತನ್ನು ನಾನು ತಳ್ಳಿಹಾಕಲಾರೆ. ಕೇರಿಗೆ ಬೆಂಕಿ ಬಿದ್ದವರ ಮುಂದೆ ನಿಂತು, ಇಟ್ಟವನನ್ನು ದೇವರು ಸುಮ್ನೆ ಮಾಫ್ ಮಾಡಿದ ಅನ್ನಲು ಯಾರಿಗೆ ಬಾಯಿ ಬಂದೀತು?

ಆ ಮಧ್ಯಾಹ್ನ ಇದನ್ನೆಲ್ಲ ನಾನು ಹೇಳಲಿಲ್ಲ. ಹೇಳಿದ್ದರೆ ಎಲ್ಲರೂ ನಿದ್ದೆ ಮಾಡುತ್ತಿದ್ದರು. ಮಾತಾಡಿದ್ದು ಆಯಿ. ಅವಳ ಅಪ್ಪ ಚಿಕ್ಕಂದಿನಲ್ಲಿ ಜೀತಕ್ಕಿದ್ದನಂತೆ. ಅವನ ಅಣ್ಣ ಎರಡು ಎತ್ತು ಮಾರಿ, ರೊಕ್ಕ ಎಣಿಸಿಕೊಟ್ಟು, ಕೈ ಹಿಡಿದು ಕರೆದುಕೊಂಡು ಬಂದನಂತೆ.

"ಹಂಗ ಬಿಡಿಸ್ಕೊಂಡು ಬಂದಾನ ನೋಡವ್ವ ಯೇಸುಸ್ವಾಮಿ," ಅಂದಳು.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ರೊಕ್ಕ ಸಾವಕಾರಗ ಹೋಯ್ತು. ಸರಿ. ದೇವರ ಕಥಿಯೊಳಗ ಸಾವಕಾರ ಯಾರು, ಆಯಿ?"

ಆಯಿ ನನ್ನ ಕಡೆ ನೋಡಿದಳು. ನಾನು ಫ್ಯಾನಿನ ಕಡೆ ನೋಡಿದೆ.