ಕೂಗು ಕೇಳಿಸಿತು, ಗೂಬೆ ಕಾಣಲು ಆರು ವರ್ಷ

ರಾತ್ರಿ ಗೂಬೆ ಕೂಗಿದರೆ ಸಾಕು, 'ಇನ್ನು ಯಾರ ಮನೆ ಸರದಿಯೋ' ಎನ್ನುವವರು ಈಗಲೂ ಇದ್ದಾರೆ. ಊರಲ್ಲಿ ಏನು ಕೆಟ್ಟದ್ದಾದರೂ ಗೂಬೆಯ ಮೇಲೇ ಗೂಬೆ ಕೂರಿಸುತ್ತೇವೆ, ಪಾಪ. ಶ್ರೀಲಂಕಾದ ಪಕ್ಷಿತಜ್ಞ ದೀಪಾಲ್ ವಾರಕಗೊಡ ಅಂಥ ಕೂಗೊಂದರ ಬೆನ್ನು ಹತ್ತಿದರು.

1995ರಲ್ಲಿ ಕಿತುಲ್‌ಗಲದ ಮಳೆಕಾಡಿನಲ್ಲಿ ಅವರಿಗೊಂದು ಮೆಲುದನಿ ಕೇಳಿಸಿತು. ಒಂದೇ ಒಂದು ಚುಟುಕು ಸ್ವರ, ಅಷ್ಟೇ. ಹಕ್ಕಿದನಿಗಳನ್ನು ರೆಕಾರ್ಡ್ ಮಾಡಿ ಪಳಗಿದ ಕಿವಿ ಅವರದು. ಇದು ಗೊತ್ತಿರುವ ಯಾವ ಹಕ್ಕಿಯದೂ ಅಲ್ಲ ಅನ್ನಿಸಿತು.

ಬರೀ ದನಿ ಕೇಳಿ ಹೊಸ ಜಾತಿ ಅಂತ ಅನುಮಾನಪಡಬಹುದಾ? ಗೂಬೆಯ ವಿಷಯದಲ್ಲಿ ಪಡಲೇಬೇಕು. ಮಡಿವಾಳ ಹಕ್ಕಿಯಂಥ ಹಾಡುಹಕ್ಕಿಗಳು ಹಾಡನ್ನು ಕೇಳಿ ಕಲಿಯುತ್ತವೆ. ಗೂಬೆಗೆ ಕೂಗು ಹುಟ್ಟಿನಿಂದಲೇ ಬರುತ್ತದೆ. ನಾವು ಮಾತು ಕಲಿಯಬೇಕು, ಸೀನುವುದನ್ನು ಯಾರೂ ಕಲಿಸಬೇಕಿಲ್ಲ, ಹಾಗೆ. ಕೋಗಿಲೆಯನ್ನೇ ನೋಡಿ: ಕಾಗೆ ಸಾಕಿದರೂ ಬೆಳೆದ ಮೇಲೆ ಕುಹೂ ಅನ್ನುತ್ತದೆಯೇ ಹೊರತು ಕಾ ಕಾ ಅನ್ನುವುದಿಲ್ಲ. ಹಾಗಾಗಿ ಗೂಬೆಯ ಕೂಗು ಹೆಬ್ಬೆಟ್ಟಿನ ಗುರುತಿದ್ದಂತೆ. ಬಣ್ಣವನ್ನು ನೆಚ್ಚಿಕೊಂಡರೆ ಕೆಟ್ಟೆವು. ಸ್ಕಾಪ್ಸ್ ಎಂಬ ಪುಟ್ಟ ಗೂಬೆಗಳೆಲ್ಲ ನೋಡಲು ಹೆಚ್ಚುಕಡಿಮೆ ಮರದ ತೊಗಟೆಯ ತುಂಡುಗಳು. ಮ್ಯೂಸಿಯಂ ಡ್ರಾಯರಿನಲ್ಲಿ ಒಣಗಿದ ಹಕ್ಕಿ ಬಾಯಿ ಬಿಡುವುದಿಲ್ಲವಲ್ಲ!

ಕೂಗಿದವನು ಕಣ್ಣಿಗೆ ಬಿದ್ದದ್ದು 2001ರ ಜನವರಿ 23ರಂದು, ಸಿಂಹರಾಜ ಕಾಡಿನಲ್ಲಿ. ಉದ್ದ ಸುಮಾರು ಹದಿನಾರೂವರೆ ಸೆಂಟಿಮೀಟರ್, ಹೆಚ್ಚುಕಡಿಮೆ ಗುಬ್ಬಚ್ಚಿಯಷ್ಟೇ. ಕೆಂಗಂದು ಮೈ, ಅಲ್ಲಲ್ಲಿ ಕಪ್ಪು ಚುಕ್ಕಿ. ಬೇರೆ ಸ್ಕಾಪ್ಸ್ ಗೂಬೆಗಳಿಗಿರುವ ಕಿವಿಯಂಥ ಗರಿಜುಟ್ಟು ಇದಕ್ಕಿಲ್ಲ. 1868ರ ನಂತರ ಆ ದ್ವೀಪದಲ್ಲಿ ಸಿಕ್ಕ ಮೊದಲ ಹೊಸ ಹಕ್ಕಿ ಇದು. 2004ರಲ್ಲಿ ವಾರಕಗೊಡ ಮತ್ತು ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್ಮುಸೆನ್ ಇದನ್ನು ಲೋಕಕ್ಕೆ ಪರಿಚಯಿಸಿದರು.

ಸಾಮಾನ್ಯ ಹೆಸರು ಸೆರೆಂಡಿಬ್ ಸ್ಕಾಪ್ಸ್ ಗೂಬೆ. ಸೆರೆಂಡಿಬ್ ಅಂದರೆ ಅರಬ್ಬರ ಬಾಯಲ್ಲಿ ಶ್ರೀಲಂಕಾ. ಅದೇ ಹೆಸರಿನಿಂದ 1754ರಲ್ಲಿ ಹೊರೇಸ್ ವಾಲ್ಪೋಲ್ ಎಂಬ ಇಂಗ್ಲಿಷ್ ಲೇಖಕ 'ಸೆರೆಂಡಿಪಿಟಿ' ಪದ ಕಟ್ಟಿದ. ಅಂದರೆ ಹುಡುಕದೆಯೇ ಸಿಗುವ ಭಾಗ್ಯ. ಆರು ವರ್ಷ ಹುಡುಕಿಸಿಕೊಂಡ ಹಕ್ಕಿಗೆ ಈ ಹೆಸರು!

ವೈಜ್ಞಾನಿಕ ಹೆಸರು ಓಟಸ್ ಥಿಲೋಹಾಫ್ಮನ್ನಿ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ನೆಲೆಸಿದ್ದ ಥಿಲೋ ಹಾಫ್ಮನ್ ಗೌರವಕ್ಕೆ ಇಟ್ಟದ್ದು. ತೀರಿಕೊಂಡವರ ನೆನಪಿಗೆ ಅಂದುಕೊಳ್ಳಬೇಡಿ, ಆಗ ಅವರು ಬದುಕಿದ್ದರು. 1970ರ ದಶಕದಲ್ಲಿ ಪ್ಲೈವುಡ್‌ಗಾಗಿ ಸಿಂಹರಾಜದ ಮರ ಕಡಿಯುವುದರ ವಿರುದ್ಧ ಹೋರಾಡಿದವರು. ಆ ಮರಗಳ ನಡುವೆ ಇಂಥದ್ದೊಂದು ಗೂಬೆ ಕೂತಿದೆ ಅಂತ ಆಗ ಅವರಿಗೂ ಗೊತ್ತಿರಲಿಲ್ಲ.